ಕತ್ತಿನ ಹಿಂದಿನ ಜೀವಗಂಟು

ಊಟಕ್ಕೆ ಕೂತ ಮಗುವಿಗೆ ಅನ್ನ ನೆತ್ತಿಗೆ ಹತ್ತಿದರೆ ನಾವು ಏನು ಮಾಡುತ್ತೇವೆ? ನೆತ್ತಿ ತಟ್ಟಿ, "ಯಾರೋ ನೆನೆಸಿಕೊಂಡ್ರು ಕಣೋ" ಎನ್ನುತ್ತೇವೆ. ನಿಜ ಹೇಳಬೇಕೆಂದರೆ ಅನ್ನ ನೆತ್ತಿಗೂ ಹತ್ತಿರುವುದಿಲ್ಲ, ಯಾರೂ ನೆನೆಸಿಕೊಂಡೂ ಇರುವುದಿಲ್ಲ. ಅನ್ನನಾಳಕ್ಕೆ ಇಳಿಯಬೇಕಾದ ಒಂದು ಅಗುಳು ದಾರಿ ತಪ್ಪಿ ಶ್ವಾಸನಾಳದ ಬಾಗಿಲಿಗೆ ಹೋಗಿರುತ್ತದೆ, ಅಷ್ಟೆ. ಆ ಕ್ಷಣವೇ ಜೋರಾಗಿ ಕೆಮ್ಮು ಬಂದು ಅದನ್ನು ಹೊರಗೆ ಎಸೆಯುತ್ತದೆ. ಮಗು ಯೋಚನೆ ಮಾಡಿ ಕೆಮ್ಮುವುದಿಲ್ಲ. ಯಾರೂ ಅದಕ್ಕೆ ಕಲಿಸಿಯೂ ಇರುವುದಿಲ್ಲ. ಹಾಗಾದರೆ "ಕೆಮ್ಮು" ಅಂತ ಅಪ್ಪಣೆ ಕೊಟ್ಟವರು ಯಾರು?

ಆ ಅಪ್ಪಣೆ ಹೊರಡುವುದು ನಮ್ಮ ಕತ್ತಿನ ಮೇಲ್ಭಾಗದಲ್ಲಿ, ತಲೆಬುರುಡೆಯ ಒಳಗೆ ಅಡಗಿ ಕೂತಿರುವ ಮೆದುಳಿನ ಕಾಂಡದಿಂದ. ಹೃದಯದ ವಿಷಯ, ಮೂತ್ರಪಿಂಡದ ವಿಷಯ ನಾವೆಲ್ಲ ಅಷ್ಟಿಷ್ಟು ತಿಳಿದವರೇ. ಆದರೆ ಈ ಪುಟ್ಟ ಅಂಗದ ಹೆಸರನ್ನು ಕೇಳಿದವರು ಕಡಿಮೆ. ಮನೆಯಲ್ಲಿ ವಯಸ್ಸಾದವರು, ಬಿ.ಪಿ. ಇರುವವರು ಇದ್ದರಂತೂ ಇದನ್ನು ತಿಳಿದುಕೊಳ್ಳಲೇಬೇಕು. ಯಾಕೆಂದರೆ ಇದಕ್ಕೆ ಪೆಟ್ಟು ಬಿದ್ದಾಗ ಮೊದಲು ಪಕ್ಕದಲ್ಲಿರುವವರು ಡಾಕ್ಟರಲ್ಲ, ನಾವು.

ಹೂಕೋಸಿನ ದಂಟು

ಹೂಕೋಸನ್ನು ಹೆಚ್ಚುವಾಗ ಗಮನಿಸಿ ನೋಡಿ. ಮೇಲೆ ಅರಳಿದ ಹೂವು, ಕೆಳಗೆ ಗಟ್ಟಿ ದಂಟು. ಮೆದುಳೂ ಸುಮಾರಾಗಿ ಹಾಗೆಯೇ. ಮೇಲಿನ ಹೂವಿನಂಥ ದೊಡ್ಡ ಭಾಗದಲ್ಲಿ ನಮ್ಮ ಯೋಚನೆ, ನೆನಪು, ಮಾತು, ಲೆಕ್ಕಾಚಾರ ಎಲ್ಲ ನಡೆಯುತ್ತದೆ. ಕೆಳಗಿನ ದಂಟೇ ಮೆದುಳಿನ ಕಾಂಡ. ಉದ್ದ ಸುಮಾರು ಮೂರು ಅಂಗುಲ, ದಪ್ಪ ಹೆಚ್ಚುಕಡಿಮೆ ಹೆಬ್ಬೆರಳಿನಷ್ಟು. ಅದರ ಕೆಳತುದಿಯೇ ಮುಂದೆ ಬೆನ್ನುಹುರಿಯಾಗಿ ಇಳಿಯುತ್ತದೆ.

ಇದರಲ್ಲಿ ಮೂರು ಅಂತಸ್ತು. ಮೇಲಿನದು ನಡುಮೆದುಳು, ಕಣ್ಣುಗುಡ್ಡೆ ತಿರುಗಿಸುವುದು, ಬೆಳಕು ಬಿದ್ದಾಗ ಕಣ್ಣಿನ ಪಾಪೆಯನ್ನು ಕಿರಿದಾಗಿಸುವುದು ಇದರ ಕೆಲಸ. ನಡುವಿನದು ಪಾನ್ಸ್, ಮುಖದ ಸ್ಪರ್ಶ, ಜಗಿಯುವುದು, ನಗುವುದು, ಕಣ್ಣು ಮಿಟುಕಿಸುವುದು ಇದರ ಪಾಲಿಗೆ. ಕೆಳಗಿನದು ಮೆಡುಲಾ, ಕನ್ನಡದಲ್ಲಿ ಮಣಿಶಿರ ಎಂದೂ ಹೇಳುತ್ತಾರೆ. ಉಸಿರಾಟ, ಹೃದಯದ ಬಡಿತ, ರಕ್ತದೊತ್ತಡ, ನುಂಗುವುದು, ಕೆಮ್ಮು, ಸೀನು, ವಾಂತಿ, ಬಿಕ್ಕಳಿಕೆ ಎಲ್ಲಕ್ಕೂ ಇಲ್ಲಿಂದಲೇ ಕೀಲಿಕೈ. ಮೆದುಳಿನಿಂದ ನೇರವಾಗಿ ಹೊರಡುವ ನರಗಳು 12 ಜೊತೆ. ಅವುಗಳಲ್ಲಿ 10 ಜೊತೆ ಈ ಕಾಂಡದಿಂದಲೇ ಹೊರಡುತ್ತವೆ.

ಅಷ್ಟೇ ಅಲ್ಲ, ಕೈಕಾಲಿಗೆ ಹೋಗುವ ಅಪ್ಪಣೆಗಳೆಲ್ಲ ಈ ಕಿರಿದಾದ ದಾರಿಯಲ್ಲೇ ಹಾದುಹೋಗಬೇಕು. ಮೆಡುಲಾದ ಕೆಳಭಾಗದಲ್ಲಿ ಎಡಗಡೆಯ ಎಳೆಗಳು ಬಲಕ್ಕೂ ಬಲಗಡೆಯವು ಎಡಕ್ಕೂ ಜಡೆ ಹೆಣೆದಂತೆ ದಾಟುತ್ತವೆ. ಮೆದುಳಿನ ಎಡಭಾಗಕ್ಕೆ ಏಟಾದರೆ ಬಲಗೈ, ಬಲಗಾಲು ಬಿದ್ದುಹೋಗುವುದು ಇದರಿಂದಲೇ.

ರಜೆಯಿಲ್ಲದ ದುಡಿಮೆ

ನಾವು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ದಿನಕ್ಕೆ ಇಪ್ಪತ್ತು ಸಾವಿರ ಸಲ ಎಂದಿಟ್ಟುಕೊಳ್ಳಿ. ಅದರಲ್ಲಿ ಒಂದನ್ನಾದರೂ ನೆನಪಿಟ್ಟುಕೊಂಡು ಮಾಡುತ್ತೇವೆಯೇ? ಗಾಢ ನಿದ್ದೆಯಲ್ಲೂ ಮೆಡುಲಾ ಎಚ್ಚರವಿದ್ದು ಎದೆಯನ್ನು ಏರಿಳಿಸುತ್ತಿರುತ್ತದೆ. ಬೇಕೆಂದೇ ಉಸಿರು ಬಿಗಿಹಿಡಿದು ನೋಡಿ. ಸ್ವಲ್ಪ ಹೊತ್ತಿಗೆ ತಡೆಯಲಾರದೆ ಬಿಟ್ಟೇಬಿಡುತ್ತೀರಿ. ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಹೆಚ್ಚಾದದ್ದು ಗೊತ್ತಾದ ಕೂಡಲೇ ಕಾಂಡ ನಮ್ಮ ಹಟವನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಅಳುತ್ತಾ ಅಳುತ್ತಾ ಉಸಿರುಕಟ್ಟಿ ನೀಲಿಯಾಗುವ ಪುಟ್ಟ ಮಕ್ಕಳು ಸಾಮಾನ್ಯವಾಗಿ ತಾವಾಗಿಯೇ ಮತ್ತೆ ಉಸಿರೆಳೆದುಕೊಳ್ಳುವುದೂ ಹೀಗೆಯೇ. ಆದರೂ ಅಂಥ ಮಗುವನ್ನು ಒಮ್ಮೆ ಡಾಕ್ಟರಿಗೆ ತೋರಿಸುವುದು ಒಳ್ಳೆಯದು.

ನುಂಗುವುದನ್ನೇ ನೋಡಿ. ತುತ್ತು ಗಂಟಲಿಗೆ ಬಂದಾಗ ಉಸಿರು ಒಂದು ಕ್ಷಣ ನಿಲ್ಲಬೇಕು, ಶ್ವಾಸನಾಳದ ಬಾಗಿಲು ಮುಚ್ಚಬೇಕು, ಅನ್ನನಾಳದ ಬಾಯಿ ತೆರೆಯಬೇಕು. ಒಂದೆರಡು ಸೆಕೆಂಡಿನಲ್ಲಿ ಇಷ್ಟೂ ಆಗಬೇಕು. ಮದುವೆಮನೆಯ ಪಂಕ್ತಿಯಲ್ಲಿ ಮಾತಾಡುತ್ತಾ, ನಗುತ್ತಾ ಉಣ್ಣುತ್ತೇವಲ್ಲ, ಆಗಲೂ ಕಾಂಡ ಒಂದೊಂದು ತುತ್ತಿಗೂ ಈ ಬಾಗಿಲುಗಳನ್ನು ಕಾಯುತ್ತಿರುತ್ತದೆ.

ಎಚ್ಚರ, ನಿದ್ದೆಗಳ ಸ್ವಿಚ್ಚೂ ಇಲ್ಲಿದೆ. ಕಾಂಡದ ಉದ್ದಕ್ಕೂ ಹರಡಿದ ನರಗಳ ಒಂದು ಬಲೆ ಮೇಲಿನ ಮೆದುಳನ್ನು ಎಚ್ಚರವಾಗಿಡುತ್ತದೆ ಎಂಬುದನ್ನು 1949ರಲ್ಲಿ ಮೊರುಝ್ಝಿ ಮತ್ತು ಮಾಗೂನ್ ಎಂಬ ಇಬ್ಬರು ವಿಜ್ಞಾನಿಗಳು ತೋರಿಸಿಕೊಟ್ಟರು. ಅದಕ್ಕೂ ಬಹಳ ಹಿಂದೆ, 1812ರಲ್ಲಿ, ಉಸಿರಾಟದ ಮೂಲ ಮೆಡುಲಾದ ಒಂದು ಚಿಕ್ಕ ಜಾಗದಲ್ಲಿದೆ ಎಂದು ಫ್ರಾನ್ಸಿನ ಲೆಗಾಲ್ವಾ ಎಂಬ ವೈದ್ಯರು ಬರೆದಿದ್ದರು. ಅವರ ನಂತರ ಬಂದ ಫ್ಲೂರಾನ್ಸ್ ಎಂಬುವರು ಆ ಜಾಗಕ್ಕೆ "ಜೀವದ ಗಂಟು" ಎಂದೇ ಹೆಸರಿಟ್ಟರು. ಎಷ್ಟು ಸರಿಯಾದ ಹೆಸರು ನೋಡಿ! ಗಂಟು ಗಟ್ಟಿಯಿರುವವರೆಗೆ ಜೀವ, ಅದು ಬಿಚ್ಚಿದರೆ ಮುಗಿಯಿತು.

ಎಡಗಣ್ಣಿನಿಂದ ಬರೆದ ಪುಸ್ತಕ

ಜಾನ್ ಡೊಮಿನಿಕ್ ಬೋಬಿ ಎಂಬುವರು ಪ್ಯಾರಿಸ್ಸಿನಲ್ಲಿ 'ಎಲ್' ಎಂಬ ಪ್ರಸಿದ್ಧ ಮಹಿಳಾ ಪತ್ರಿಕೆಯ ಸಂಪಾದಕರಾಗಿದ್ದರು. 1995ರ ಡಿಸೆಂಬರಿನಲ್ಲಿ, 43ನೆಯ ವಯಸ್ಸಿನಲ್ಲಿ, ಅವರ ಮೆದುಳಿನ ಕಾಂಡಕ್ಕೆ ಪಾರ್ಶ್ವವಾಯು ಬಡಿಯಿತು. ಸುಮಾರು 20 ದಿನ ಪ್ರಜ್ಞೆಯಿಲ್ಲ. ಎಚ್ಚರವಾದಾಗ ಕೈಕಾಲು ಆಡುವುದಿಲ್ಲ, ಮಾತಿಲ್ಲ, ನುಂಗಲಾಗುವುದಿಲ್ಲ. ಆದರೆ ಬುದ್ಧಿ ಎಂದಿನಂತೆ ಚುರುಕು! ಎಲ್ಲ ಕೇಳುತ್ತದೆ, ಎಲ್ಲ ಅರ್ಥವಾಗುತ್ತದೆ. ಹೂವು ಚೆನ್ನಾಗಿದೆ, ದಂಟು ಕೊಯ್ದುಹೋಗಿದೆ. ತಮ್ಮ ದೇಹದೊಳಗೇ ಬೀಗ ಹಾಕಿ ಕೂಡಿಹಾಕಿದ ಸ್ಥಿತಿ.

ಅವರಿಗೆ ಉಳಿದಿದ್ದದ್ದು ಎಡಗಣ್ಣಿನ ರೆಪ್ಪೆಯೊಂದೇ. ಪಕ್ಕದಲ್ಲಿ ಕೂತವರು ಅಕ್ಷರಗಳನ್ನು ಒಂದೊಂದಾಗಿ ಓದುತ್ತಾ ಹೋಗುವುದು, ಬೇಕಾದ ಅಕ್ಷರ ಬಂದಾಗ ಅವರು ರೆಪ್ಪೆ ಮಿಟುಕಿಸುವುದು. ಹೀಗೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಒಂದು ಪುಸ್ತಕವನ್ನೇ ಬರೆಸಿದರು. 1997ರ ಮಾರ್ಚಿನಲ್ಲಿ ಅದು ಅಚ್ಚಾಗಿ ಬಂತು. ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು.

ಈ ಕಥೆಯಿಂದ ನಾವು ಕಲಿಯಬೇಕಾದ ಪಾಠವೊಂದಿದೆ. ಮಾತಾಡದೆ ಮಲಗಿದವರಿಗೆ ಏನೂ ತಿಳಿಯುವುದಿಲ್ಲ ಎಂದುಕೊಂಡು ಹಾಸಿಗೆಯ ಪಕ್ಕದಲ್ಲೇ "ಇನ್ನು ಏಳೋ ಆಸೆ ಇಲ್ಲ ಬಿಡಿ", "ಆಸ್ತಿ ಪತ್ರ ಎಲ್ಲಿಟ್ಟಿದ್ದಾರೋ" ಎಂದೆಲ್ಲ ಮಾತಾಡುವವರಿದ್ದಾರೆ. ದಯವಿಟ್ಟು ಬೇಡಿ. ಅವರು ಕೇಳಿಸಿಕೊಳ್ಳುತ್ತಿರಬಹುದು. ಹತ್ತಿರ ಕೂತು ಹೆಸರು ಹಿಡಿದು ಕರೆಯಿರಿ. "ಕೇಳಿಸಿದರೆ ಒಂದು ಸಲ ಕಣ್ಣು ಮುಚ್ಚಿ ತೆಗೀರಿ, ಮೇಲೆ ನೋಡಿ" ಎಂದು ಹೇಳಿ, ಕಾದು ನೋಡಿ. ಹಾಗೆ ಮಾಡಿದರೆಂದರೆ ಕೂಡಲೇ ಡಾಕ್ಟರಿಗೆ ತಿಳಿಸಿ.

ಪಿತ್ತ ಎಂದು ತಳ್ಳಿಹಾಕಬೇಡಿ

ಪಾರ್ಶ್ವವಾಯು ಎಂದರೆ ಬಾಯಿ ಸೊಟ್ಟಗಾಗಿ ಒಂದು ಕೈ ಬಿದ್ದುಹೋಗುವುದು ಎಂದಷ್ಟೇ ನಮ್ಮ ತಿಳಿವಳಿಕೆ. ಕಾಂಡಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡಾಗ ಲಕ್ಷಣ ಬೇರೆ ರೀತಿ ಇರಬಹುದು. ಇದ್ದಕ್ಕಿದ್ದಂತೆ ತಲೆ ಗಿರ್ರನೆ ಸುತ್ತುವುದು, ವಾಂತಿ, ಒಂದು ವಸ್ತು ಎರಡಾಗಿ ಕಾಣುವುದು, ಗೋಡೆ ಹಿಡಿಯದೆ ನಿಲ್ಲಲಾಗದಿರುವುದು, ನಾಲಿಗೆ ತೊದಲುವುದು, ಎಂಜಲು ಕೂಡ ನುಂಗಲಾಗದೆ ಬಾಯಿಂದ ಸೋರುವುದು, ಮುಖದ ಒಂದು ಕಡೆ ಜೋಮು ಹಿಡಿಯುವುದು. ಕೆಲವರಿಗೆ ಇದರ ಜೊತೆ ಬಿಡದೆ ಕಾಡುವ ಬಿಕ್ಕಳಿಕೆ.

ತಲೆಸುತ್ತು, ವಾಂತಿ ಎಂದಕೂಡಲೇ ನಮ್ಮ ಮನೆಗಳಲ್ಲಿ "ಪಿತ್ತ ಕೆರಳಿದೆ, ನಿಂಬೆಹಣ್ಣಿನ ಪಾನಕ ಕೊಡಿ" ಎನ್ನುವುದು ರೂಢಿ. ಬರೀ ಪಿತ್ತವೋ, ಕಿವಿಯ ತೊಂದರೆಯೋ ಇರಲೂಬಹುದು. ಆದರೆ ತಲೆಸುತ್ತಿನ ಜೊತೆ ಎರಡೆರಡು ಕಾಣುವುದು, ಮಾತು ತೊದಲುವುದು, ನಡಿಗೆ ತಪ್ಪುವುದು, ನುಂಗಲಾಗದಿರುವುದು ಇವುಗಳಲ್ಲಿ ಒಂದು ಸೇರಿದರೂ ಪಾನಕ ಮಾಡುತ್ತಾ ಕೂರುವ ಹೊತ್ತಲ್ಲ ಅದು. ರಕ್ತದ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ನನ್ನು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಎಷ್ಟು ಬೇಗ ಕೊಟ್ಟರೆ ಅಷ್ಟು ಫಲ. ದೊಡ್ಡ ಆಸ್ಪತ್ರೆಗಳಲ್ಲಿ ರಕ್ತನಾಳದೊಳಗೆ ತೆಳುವಾದ ಕೊಳವೆ ಹಾಯಿಸಿ ಹೆಪ್ಪನ್ನೇ ಎಳೆದು ತೆಗೆಯುವ ಚಿಕಿತ್ಸೆಯೂ ಇದೆ. ಕೆಲವರಿಗೆ ಅದನ್ನು ಇನ್ನೂ ತಡವಾಗಿಯೂ ಮಾಡಬಹುದು. ಆದ್ದರಿಂದ "ಹೊತ್ತು ಮೀರಿತು" ಎಂದು ಮನೆಯಲ್ಲೇ ಉಳಿಯಬೇಡಿ.

ನುಂಗಲಾಗದವರಿಗೆ ಉಣಿಸುವ ಬಗೆ

ನಮ್ಮ ಅತ್ತೆಯವರಿಗೆ ಇಂಥದೇ ಪಾರ್ಶ್ವವಾಯುವಾಗಿ ಆಸ್ಪತ್ರೆಯಲ್ಲಿದ್ದಾಗ ನೋಡಲು ಬಂದ ಬಂಧುಗಳೊಬ್ಬರು ಪ್ರೀತಿಯಿಂದ ಎಳನೀರು ತಂದಿದ್ದರು. "ಪಾಪ, ಬಾಯಿ ಒಣಗಿದೆ, ಎರಡು ಗುಟುಕು ಹಾಕಿ" ಎಂದು ಲೋಟ ಬಾಯಿಗೆ ಹಿಡಿಯುವಷ್ಟರಲ್ಲಿ ನರ್ಸು ಓಡಿಬಂದು, "ಬೇಡಮ್ಮಾ, ಈಗ ಕುಡಿಸಿದರೆ ಅದು ಹೊಟ್ಟೆಗೆ ಹೋಗಲ್ಲ, ಶ್ವಾಸಕೋಶಕ್ಕೆ ಹೋಗುತ್ತೆ" ಎಂದು ತಡೆದರು. ಬಂದವರಿಗೆ ಸ್ವಲ್ಪ ಬೇಸರವೇ ಆಯಿತು. ಆದರೆ ನರ್ಸು ಹೇಳಿದ್ದು ಅಕ್ಷರಶಃ ನಿಜ. ಕಾಂಡ ಸೋತಾಗ ಗಂಟಲಿನ ಬಾಗಿಲು ಕಾಯುವವರಿಲ್ಲ. ಕೆಲವರಿಗೆ ಕೆಮ್ಮು ಕೂಡ ಬರದೆ ನೀರು ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿದುಬಿಡುತ್ತದೆ. ಆಮೇಲೆ ಜ್ವರ, ನ್ಯುಮೋನಿಯಾ. ಪಾರ್ಶ್ವವಾಯುವಿನಿಂದ ಬದುಕಿ ಉಳಿದವರು ಇದರಿಂದ ಸಾಯುವುದುಂಟು.

ಕೆಲವು ವಾರ ಮೂಗಿನ ನಳಿಕೆಯಲ್ಲೇ ಅವರಿಗೆ ಆಹಾರ. ಆಮೇಲೆ ನುಂಗುವುದನ್ನು ಪರೀಕ್ಷೆ ಮಾಡುವ ತಜ್ಞರು ಬಂದು ನೋಡಿ, ಬಾಯಿಂದ ಕೊಡಬಹುದೆಂದ ಮೇಲೆ ಉಣಿಸುವ ಬಗೆಯನ್ನು ನನಗೆ ಹೇಳಿಕೊಟ್ಟರು. ಅದರಲ್ಲಿ ಎಲ್ಲರಿಗೂ ಉಪಯೋಗಕ್ಕೆ ಬರುವ ಕೆಲವು ಮಾತು ಇಲ್ಲಿವೆ.

ತೆಳ್ಳಗಿರುವುದು ಸುಲಭ ಎಂದು ನಾವು ಅಂದುಕೊಳ್ಳುತ್ತೇವೆ. ಇಂಥವರಿಗೆ ಅದೇ ಕಷ್ಟ. ನೀರು, ತಿಳಿಸಾರು, ಕಾಫಿ ಸರ್ರನೆ ಜಾರಿ ತಪ್ಪು ದಾರಿ ಹಿಡಿಯುತ್ತವೆ. ಮಂದವಾದದ್ದು ನಿಧಾನಕ್ಕೆ ಇಳಿಯುತ್ತದೆ. ಎರಡು ದೊಡ್ಡ ಚಮಚ ರಾಗಿಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಒಂದು ಲೋಟ ನೀರಿಗೆ ಹಾಕಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಎಂಟು ಹತ್ತು ನಿಮಿಷ ಬೇಯಿಸಿ, ಜರಡಿಯಲ್ಲಿ ಸೋಸಿದರೆ ಹದವಾದ ಅಂಬಲಿ ಸಿದ್ಧ. ಚಮಚ ಓರೆ ಮಾಡಿದರೆ ನಿಧಾನವಾಗಿ ಜಾರಬೇಕು, ನೀರಿನಂತೆ ಸುರಿಯಬಾರದು. ಆರಿದಂತೆ ಇನ್ನೂ ಗಟ್ಟಿಯಾಗುತ್ತದೆಂಬುದು ನೆನಪಿರಲಿ. ಚೆನ್ನಾಗಿ ಕಿವುಚಿದ ಮೊಸರನ್ನ, ಕಿವುಚಿದ ಪಚ್ಚಬಾಳೆ, ನುಣ್ಣಗೆ ಬೇಯಿಸಿದ ಹೆಸರುಬೇಳೆ ಇವೂ ಆಗುತ್ತವೆ. ಮಂಡಕ್ಕಿ, ಚಕ್ಕುಲಿ, ಒಣ ಅವಲಕ್ಕಿ ಬೇಡ. ತಿಳಿಸಾರಿನಲ್ಲಿ ಅಗುಳು ತೇಲುವ ಅನ್ನವೂ ಬೇಡ. ನೀರೊಂದು ಕಡೆ, ಅಗುಳೊಂದು ಕಡೆ ಹೋಗುತ್ತದೆ. ಯಾರಿಗೆ ಎಷ್ಟು ಹದ ಎಂಬುದನ್ನು ತಜ್ಞರೇ ಹೇಳಬೇಕು.

ಮಲಗಿಸಿಕೊಂಡು ಉಣಿಸಬಾರದು. ನೆಟ್ಟಗೆ ಕೂರಿಸಿ, ಚಿಕ್ಕ ಚಮಚದಲ್ಲಿ ಕೊಡಿ. ಒಂದು ತುತ್ತು ಪೂರ್ತಿ ಇಳಿದ ಮೇಲೆ ಇನ್ನೊಂದು. ಉಣ್ಣುವಾಗ ಟಿ.ವಿ. ಬೇಡ, ಮಾತಾಡಿಸುವುದೂ ಬೇಡ. ನುಂಗಿದ ಮೇಲೆ "ಆ" ಅನ್ನಿಸಿ. ಧ್ವನಿ ಗೊರಗೊರ ಅಂದರೆ ಅಲ್ಲಿಗೆ ನಿಲ್ಲಿಸಿ. ಊಟವಾದ ಮೇಲೆ ಅರ್ಧ ಗಂಟೆ ಕೂತೇ ಇರಲಿ. ಬಾಯಿ ಚೊಕ್ಕಟ ಮಾಡಲು ಮರೆಯಬೇಡಿ.

ಕಾಪಾಡುವುದು ಹೇಗೆ?

ಕಾಂಡದ ದೊಡ್ಡ ಶತ್ರು ಬಿ.ಪಿ. ಅದರ ಸಂಗಡಿಗರು ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಕುಡಿತ. "ಬಿ.ಪಿ. ಸರಿಹೋಯ್ತು" ಎಂದು ಮಾತ್ರೆ ಬಿಟ್ಟುಬಿಡುವವರು ಬಹಳ ಜನ. ಸರಿಹೋಗಿರುವುದು ಮಾತ್ರೆಯಿಂದಲೇ ಎಂಬುದನ್ನು ಅವರಿಗೆ ತಿಳಿಸಿಹೇಳಬೇಕು. ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾಲ್ಕು ಜನರ ಮನೆಯಲ್ಲಿ ಆ ಲೆಕ್ಕದಂತೆ ಒಂದು ಕಿಲೋ ಪ್ಯಾಕೆಟ್ 50 ದಿನ ಬರಬೇಕು. ನಿಮ್ಮ ಡಬ್ಬಿ ಎಷ್ಟು ದಿನಕ್ಕೆ ಖಾಲಿಯಾಗುತ್ತದೆ, ಈ ತಿಂಗಳು ಲೆಕ್ಕ ಇಟ್ಟು ನೋಡಿ. ಉಪ್ಪಿನಕಾಯಿ, ಹಪ್ಪಳ, ಅಂಗಡಿ ಕುರುಕಲಿನ ಉಪ್ಪು ಅದರ ಮೇಲೆ ಬೇರೆ!

ಕತ್ತಿನ ವಿಷಯದಲ್ಲೂ ಜೋಪಾನ. ಕಾಂಡಕ್ಕೆ ರಕ್ತ ತರುವ ಎರಡು ನಾಳಗಳು ಕತ್ತಿನ ಮೂಳೆಗಳ ರಂಧ್ರದೊಳಗೆ ಹಾದು ಬರುತ್ತವೆ. ಕ್ಷೌರದಂಗಡಿಯಲ್ಲಿ ಕತ್ತನ್ನು ಹಿಡಿದು ಲಟಕ್ಕೆಂದು ತಿರುಗಿಸುವುದನ್ನು ನಿಮ್ಮ ಮನೆಯ ಗಂಡಸರು ಸುಖವೆಂದುಕೊಂಡಿರಬಹುದು. ಅಪರೂಪಕ್ಕಾದರೂ ಅದರಿಂದ ನಾಳದ ಒಳಪದರ ಹರಿದು ಪಾರ್ಶ್ವವಾಯು ಆಗುವುದುಂಟು. ನಮ್ಮ ಪಾಲಿಗೂ ಎಚ್ಚರಿಕೆಯೊಂದಿದೆ. ಬ್ಯೂಟಿ ಪಾರ್ಲರಿನಲ್ಲಿ ತಲೆ ತೊಳೆಯಲು ಕತ್ತನ್ನು ಬೇಸಿನ್ನಿನ ಅಂಚಿಗೆ ಬಹಳ ಹೊತ್ತು ಹಿಂದಕ್ಕೆ ಬಗ್ಗಿಸಿದ್ದರಿಂದ ಹೀಗಾದ ಐದು ಪ್ರಕರಣಗಳನ್ನು 1993ರಲ್ಲಿ ಅಮೆರಿಕದ ವೈದ್ಯರೊಬ್ಬರು ವರದಿ ಮಾಡಿದ್ದರು. ಭಯ ಬೇಡ, ಕತ್ತಿನ ಕೆಳಗೊಂದು ಮಡಿಸಿದ ಟವೆಲ್ ಇಡಿಸಿಕೊಳ್ಳಿ, ತಲೆ ಸುತ್ತಿದರೆ ಕೂಡಲೇ ಎದ್ದು ಕೂರಿ. ಹಸುಗೂಸನ್ನು ಆಟಕ್ಕೆ ಕೂಡ ಜೋರಾಗಿ ಅಲ್ಲಾಡಿಸಬೇಡಿ. ನಿದ್ದೆ ಮಾತ್ರೆಯನ್ನು ಹೆಚ್ಚು ತೆಗೆದುಕೊಂಡರೆ, ಅದರಲ್ಲೂ ಕುಡಿತದ ಜೊತೆ ತೆಗೆದುಕೊಂಡರೆ, ಉಸಿರಾಟದ ಕೇಂದ್ರವೇ ಮಲಗಿಬಿಡಬಹುದು.

ಉಸಿರು ಇದ್ದೂ ಜೀವವಿಲ್ಲದ ಗಳಿಗೆ

ಕೊನೆಯದಾಗಿ ಹೇಳಲು ಕಷ್ಟವಾದ, ಆದರೆ ಹೇಳಲೇಬೇಕಾದ ಮಾತು. ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅರುಣಾ ಶಾನಭಾಗ್ ಅವರ ಮೇಲೆ 1973ರ ನವೆಂಬರಿನಲ್ಲಿ ಕ್ರೂರ ಹಲ್ಲೆ ನಡೆಯಿತು. ಕುತ್ತಿಗೆಗೆ ಸರಪಳಿ ಬಿಗಿದದ್ದರಿಂದ ಮೆದುಳಿಗೆ ಪ್ರಾಣವಾಯು ತಪ್ಪಿತು. ಮೇಲಿನ ಹೂವು ಬಾಡಿತು. ಆದರೆ ಜೀವಗಂಟು ಬಿಚ್ಚಲಿಲ್ಲ. ಯಂತ್ರದ ಹಂಗಿಲ್ಲದೆ ತಾವೇ ಉಸಿರಾಡುತ್ತಾ, ನಿದ್ದೆ ಎಚ್ಚರಗಳ ನಡುವೆ ಸುಮಾರು 42 ವರ್ಷ ಬದುಕಿ 2015ರ ಮೇ ತಿಂಗಳಲ್ಲಿ ತೀರಿಕೊಂಡರು. ಅಷ್ಟು ವರ್ಷವೂ ಆ ಆಸ್ಪತ್ರೆಯ ನರ್ಸುಗಳು ಒಡಹುಟ್ಟಿದವಳಂತೆ ಅವರನ್ನು ನೋಡಿಕೊಂಡರು. ಅವರಿಗೆ ದಯಾಮರಣ ಕೊಡಿ ಎಂಬ ಅರ್ಜಿಯನ್ನು 2011ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ.

ಕಾಂಡವೇ ಸತ್ತರೆ ವಿಷಯ ಬೇರೆ. ವೆಂಟಿಲೇಟರ್ ಯಂತ್ರ ಎದೆಯನ್ನು ಏರಿಳಿಸುತ್ತದೆ, ಹೃದಯ ಸ್ವಲ್ಪ ಕಾಲ ತಾನಾಗಿ ಬಡಿಯುತ್ತದೆ, ಮೈ ಬೆಚ್ಚಗಿರುತ್ತದೆ. ಅಂಥ ಹೊತ್ತಿನಲ್ಲಿ "ಹೋಗಿಬಿಟ್ಟಿದ್ದಾರೆ" ಎಂದರೆ ಯಾವ ತಾಯಿ, ಯಾವ ಹೆಂಡತಿ ನಂಬುತ್ತಾಳೆ? ಆದರೆ ಕೋಮಾ ಬೇರೆ, ಇದು ಬೇರೆ. ಕೋಮಾದಿಂದ ಎದ್ದವರುಂಟು. ಕಾಂಡ ಸತ್ತ ಮೇಲೆ ಎದ್ದವರಿಲ್ಲ. ನಮ್ಮ ದೇಶದ 1994ರ ಅಂಗಾಂಗ ಕಸಿ ಕಾಯಿದೆಯ ಪ್ರಕಾರ ನಾಲ್ವರು ವೈದ್ಯರು ಸೇರಿ, ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿಯೇ ಇದನ್ನು ಹೇಳಬೇಕು. ಕಣ್ಣಿಗೆ ಬೆಳಕು ಬಿಟ್ಟರೆ ಪಾಪೆ ಕಿರಿದಾಗುತ್ತದೆಯೇ, ಕಣ್ಣುಗುಡ್ಡೆಗೆ ಹತ್ತಿ ತಾಕಿಸಿದರೆ ರೆಪ್ಪೆ ಬಡಿಯುತ್ತದೆಯೇ, ಕಿವಿಗೆ ತಣ್ಣೀರು ಬಿಟ್ಟರೆ ಕಣ್ಣು ಚಲಿಸುತ್ತದೆಯೇ, ಗಂಟಲಿಗೆ ನಳಿಕೆ ತಾಕಿಸಿದರೆ ಕೆಮ್ಮು ಬರುತ್ತದೆಯೇ, ಯಂತ್ರ ಬಿಡಿಸಿದರೆ ತಾನಾಗಿ ಉಸಿರೆಳೆಯುತ್ತಾರೆಯೇ ಎಂದು ಒಂದೊಂದಾಗಿ ನೋಡುತ್ತಾರೆ. ನೀವು ಕೇಳಿ ತಿಳಿದುಕೊಳ್ಳಬಹುದು, ಅದು ನಿಮ್ಮ ಹಕ್ಕು.

ರಾಷ್ಟ್ರಪ್ರಶಸ್ತಿ ಪಡೆದ ನಮ್ಮ ನಟ ಸಂಚಾರಿ ವಿಜಯ್ 2021ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಈ ಸ್ಥಿತಿ ತಲುಪಿದಾಗ, ಅವರ ಮನೆಯವರು ಆ ದುಃಖದಲ್ಲೂ ಅಂಗಾಂಗ ದಾನಕ್ಕೆ ಒಪ್ಪಿದರು. ಕರ್ನಾಟಕದಲ್ಲಿ 'ಜೀವಸಾರ್ಥಕತೆ' ಎಂಬ ಸರ್ಕಾರಿ ಸಂಸ್ಥೆ ಈ ಕೆಲಸ ನೋಡಿಕೊಳ್ಳುತ್ತದೆ. ಒಬ್ಬರಿಂದ ಎಂಟು ಜನರವರೆಗೆ ಜೀವ ಉಳಿಯಬಹುದು. ಕೊಡಬೇಕೋ ಬೇಡವೋ ಎಂಬುದು ಅವರವರ ಮನಸ್ಸಿಗೆ ಬಿಟ್ಟದ್ದು. ಆದರೆ ಆಸ್ಪತ್ರೆಯ ಬಾಗಿಲಲ್ಲಿ ಅಳುತ್ತಾ ನಿಂತಾಗ ಮೊದಲ ಬಾರಿ ಯೋಚಿಸುವ ವಿಷಯ ಅದಲ್ಲ. ಎಲ್ಲರೂ ಮನೆಯಲ್ಲಿರುವ ಒಂದು ಸಂಜೆ ಅವರವರ ಇಷ್ಟ ಏನೆಂದು ಮಾತಾಡಿಕೊಂಡಿದ್ದರೆ, ಮುಂದೆ ಉಳಿದವರ ಮೇಲೆ ಆ ಭಾರ ಬೀಳುವುದಿಲ್ಲ.

ಕತ್ತರಿಸಿ ಕ್ಯಾಲೆಂಡರಿನ ಪಕ್ಕ ಅಂಟಿಸಿಕೊಳ್ಳಿ

* ಲಕ್ಷಣ ಶುರುವಾದ ಸಮಯವನ್ನು ಗಡಿಯಾರ ನೋಡಿ ಬರೆದಿಡಿ. ಡಾಕ್ಟರು ಮೊದಲು ಕೇಳುವುದು ಅದನ್ನೇ.
* 108ಕ್ಕೆ ಫೋನ್ ಮಾಡಿ. ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ.
* ಬಾಯಿಗೆ ನೀರು, ಕಾಫಿ, ಮಾತ್ರೆ, ನಾಟಿ ಔಷಧಿ ಏನನ್ನೂ ಹಾಕಬೇಡಿ.
* ಪ್ರಜ್ಞೆ ತಪ್ಪಿದ್ದು ಉಸಿರಾಡುತ್ತಿದ್ದರೆ ಮಗ್ಗುಲಾಗಿ ಮಲಗಿಸಿ; ವಾಂತಿಯಾದರೆ ಹೊರಗೆ ಬರಲಿ. ಅಪಘಾತವಾಗಿದ್ದರೆ ಕತ್ತನ್ನು ತಿರುಗಿಸದೆ, ಎಳೆಯದೆ ಆಂಬುಲೆನ್ಸಿನವರಿಗೆ ಬಿಡಿ.
* ಅವರು ದಿನವೂ ತೆಗೆದುಕೊಳ್ಳುವ ಮಾತ್ರೆಗಳ ಚೀಟಿ ಜೊತೆಗಿರಲಿ.
* ಎರಡು ದಿನಕ್ಕೂ ಹೆಚ್ಚು ಬಿಡದ ಬಿಕ್ಕಳಿಕೆಗೆ "ಯಾರೋ ನೆನೆಸಿಕೊಂಡರು" ಎನ್ನಬೇಡಿ, ಡಾಕ್ಟರಿಗೆ ತೋರಿಸಿ.